ಎಲ್ಲರ ಮಿತಿ ತೆಗೆದದ್ದು ನಾನು

ನಿಮ್ಮ ಅಜ್ಜ ತಮ್ಮ ಕೊನೆಯ ವರ್ಷದಲ್ಲಿ ಎರಡು ತಿಂಗಳು ಕೂತು ಬರೆದದ್ದರಲ್ಲಿ ಒಂದು ಅಕ್ಷರವೂ ನಮ್ಮ ಮನೆಯಲ್ಲಿ ಉಳಿದಿಲ್ಲ. ಅದು ಹೇಗೆ ಹೋಯಿತು ಎಂದು ನೀವು ಕೇಳಿದಾಗಲೆಲ್ಲ ನಿಮ್ಮ ಅವ್ವ ಒಂದೇ ಮಾತು ಹೇಳುತ್ತಾಳೆ: "ಕ್ಲಾಸಿಗೆ ಬರ್ತಿದ್ದ ಒಬ್ಬಾಕಿ ಹುಡುಗಿ ಪಾಸ್‌ವರ್ಡ್ ಕದ್ದು ಮಿಷನ್ ಕೆಡಿಸಿದ್ಲು." ಅವಳಿಗೆ ಹಾಗೆ ಹೇಳಿದವಳು ಅವಳನ್ನು ಹೆತ್ತ ನಾನೇ. ಅದು ಸುಳ್ಳು. ಬಾಯಿಬಿಟ್ಟು ಹೇಳಲು ಎಷ್ಟೋ ಸಲ ಕೂತೆ, ಆಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ತಂಬ್ರಹಳ್ಳಿಯಲ್ಲಿ ಏಳನೆಯ ತರಗತಿ ಓದಿದವಳು. ನಾಲ್ಕು ಜನರ ನಡುವೆ ನಿಂತರೆ ನನ್ನ ಗಂಟಲು ಕಟ್ಟುತ್ತಿತ್ತು, ಈಗಲೂ ಕಟ್ಟುತ್ತದೆ. ಮದುವೆಯಲ್ಲಿ ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತರೂ ನಾನು ಬಾಯಿ ತೆರೆದಿರಲಿಲ್ಲ. ಕೊನೆಗೆ ನಮ್ಮ ದೊಡ್ಡಮ್ಮನೇ ನನ್ನ ಪರವಾಗಿ ಹೇಳಿ ನನ್ನನ್ನು ಒಳಗೆ ತಳ್ಳಿದಳು. ರೇಷನ್ ಕಾರ್ಡ್ ಬರೆಯಲು ಬಂದವರು ಮನೆ ಯಜಮಾನನ ಹೆಸರು ಕೇಳಿದರೆ ಪಕ್ಕದ ಮನೆಯಾಕೆಯನ್ನು ಕರೆದು ಹೇಳಿಸುತ್ತಿದ್ದೆ. "ಇವ್ರ ಗಂಡನ ಹೆಸರು ಹೇಳೋದ ನನಗೊಂದು ನೌಕರಿ ಆತು ನೋಡ್ರಿ" ಎಂದು ಆಕೆ ನಗುತ್ತಿದ್ದಳು. ನಮ್ಮತ್ತೆ ಹೊಸದರಲ್ಲಿ ನನಗೆ ಹೇಳಿದ್ದು ಇಷ್ಟು: "ಗಂಡನ ಹೆಸರು ಹೇಳಿದ್ರ ಅವನ ಆಯುಷ್ಯ ಸವೀತೈತಿ. ನೆಪ್ಪಿಟ್ಟಕೋ."

ನಿಮ್ಮ ಅಜ್ಜ ಹೊರಗೆ ಎಲ್ಲೋ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು, ಅದನ್ನು ಬಿಟ್ಟು ಕೊಟ್ಟೂರಿಗೆ ಬಂದು ನಮ್ಮ ಮನೆಯ ಮಾಳಿಗೆಯ ಮೇಲೆಯೇ ಕ್ಲಾಸು ತೆರೆದರು. ತೊಂಬತ್ತರ ದಶಕದ ನಡುವಿನ ಮಾತು. ಆಗ ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್ ಎಂಬುದು ಇರಲಿಲ್ಲ. ಒಳಗಿನ ಸಣ್ಣ ಕೋಣೆಯಲ್ಲಿ ಒಂದು ದೊಡ್ಡ ಯಂತ್ರ. ಹೊರಗಿನ ಹಜಾರದಲ್ಲಿ ಎಂಟು ಪರದೆ, ಎಂಟು ಕೀಲಿಮಣೆ. ಆ ಎಂಟೂ ತಂತಿಯಲ್ಲಿ ಬಂದು ಒಂದೇ ಯಂತ್ರಕ್ಕೆ ಸೇರುತ್ತಿದ್ದವು. ಅದರಲ್ಲಿ ಓಡುತ್ತಿದ್ದುದು ಯುನಿಕ್ಸ್ ಎಂಬ, ಒಂದೇ ಯಂತ್ರವನ್ನು ಹಲವರಿಗೆ ಹಂಚುವ ವ್ಯವಸ್ಥೆ. ಕೂಡ್ಲಿಗಿಯಿಂದ, ಹಡಗಲಿಯಿಂದ ಬಸ್ಸಿನಲ್ಲಿ ಬರುವವರೂ ಇದ್ದರು. ಎಲ್ಲರ ಪಾಠ, ಎಲ್ಲರ ಪ್ರೋಗ್ರಾಮು ಆ ಒಂದೇ ಯಂತ್ರದ ಹೊಟ್ಟೆಯೊಳಗೆ. ಯಾರು ಯಾರೆಂದು ಅದು ತಿಳಿಯುತ್ತಿದ್ದುದು ಹೆಸರಿನಿಂದ. ಕೂತವರು ಮೊದಲು ತಮ್ಮ ಹೆಸರು ಒತ್ತಬೇಕು, ಆಮೇಲೆ ಗುಟ್ಟಿನ ಪದ.

ಹೊಸ ತಂಡಕ್ಕೆ ಅವರು ಮೊದಲ ದಿನ ಹೇಳುತ್ತಿದ್ದ ಪಾಠ ನನಗೆ ಬಾಯಿಪಾಠವಾಗಿತ್ತು. ಚಹಾ ತಂದು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

"ನಮ್ಮ ಓಣಿ ನಳ ನೋಡೀರಿಲ್ಲ? ನಾಕು ದಿನಕ್ಕೊಮ್ಮಿ ನೀರು. ಮುಂದ ನಿಂತಾಕಿ ಹಂಡೆ ಹಚ್ಚಿ, ಕೊಡ ಹಚ್ಚಿ, ಕಡೀಕ ಮಗನ ಚಂಬೂ ಹಚ್ಚಿದ್ಲು ಅಂದ್ರ ಹಿಂದಿನಾಕಿ ಏನು ಮಾಡ್ಬೇಕು?"

"ಜಗಳಾ ಮಾಡ್ಬೇಕ್ರಿ ಸರ್!" ಎಂದು ಯಾರಾದರೂ ಕೂಗುತ್ತಿದ್ದರು.

"ಜಗಳಾ ಆಗಬಾರ್ದು ಅಂತನ ಕೋಟಾ ಇಟ್ಟೀನಿ. ಒಬ್ಬೊಬ್ರಿಗೆ ಇಷ್ಟ ಜಾಗ. ಮೊದಲ್ನೆ ಗೆರಿ ದಾಟಿದ್ರ ಮಿಷನ್ ಬೈತೈತಿ, ಏಳು ದಿನ ಗಡುವು ಕೊಡ್ತೈತಿ. ಗಡುವು ಮುಗೀತು, ಇಲ್ಲಾ ಎರಡ್ನೆ ಗೆರಿ ಮುಟ್ಟಿದ್ರಿ ಅಂದ್ರ ಒಂದಕ್ಷರಾನೂ ಬರಿಯಾಕ ಬಿಡಂಗಿಲ್ಲ. ನನಗೂ ಅಷ್ಟ, ನಿಮಗೂ ಅಷ್ಟ. ಅದಕ್ಕ ಹೆದರಬ್ಯಾಡ್ರಿ, ತಪ್ಪು ಮಾಡ್ರಿ. ನಿಮ್ಮ ತಪ್ಪು ನಿಮ್ಮ ಗೆರಿ ಒಳಗ ಸಾಯ್ತೈತಿ. ಬಾಜೂದವ್ರಿಗೆ ಮುಟ್ಟಂಗಿಲ್ಲ."

ಮಿತಿ ಎಂದರೆ ಕಟ್ಟಿಹಾಕುವುದು ಎಂದು ನಾನು ತಿಳಿದಿದ್ದೆ. ಅವರ ಬಾಯಲ್ಲಿ ಅದು ಧೈರ್ಯ ಕೊಡುವ ಮಾತಾಗಿತ್ತು.

ಆ ಧೈರ್ಯವನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಮೂರನೆಯ ಪರದೆಯ ಹುಡುಗಿ. ಅವರಪ್ಪ ಸಾಬರು, ಬಸ್‌ಸ್ಟ್ಯಾಂಡಿನ ಹಿಂದೆ ಪಂಪಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದರು. ಹುಡುಗಿ ಪಿಯುಸಿ ಮುಗಿಸಿದ್ದಳು. ದಿನಕ್ಕೆ ಹತ್ತು ತಪ್ಪು ಮಾಡುತ್ತಿದ್ದಳು, ಹನ್ನೊಂದನೆಯದಕ್ಕೆ ಸರಿ ಮಾಡುತ್ತಿದ್ದಳು. ನನ್ನನ್ನು ಕರೆದು ಮಾತಾಡಿಸುತ್ತಿದ್ದವಳು ಅವಳೊಬ್ಬಳೇ. "ಅಕ್ಕಾರ, ಬಾಗಲ ಹಿಂದ ನಿಂತು ಅರ್ಧಾ ಕಲ್ತೀರಿ. ಬಂದು ಕುಂದರ್ರಿ, ಇನ್ನರ್ಧಾ ನಾ ಕಲಸ್ತೀನಿ" ಎನ್ನುತ್ತಿದ್ದಳು. ನಾನು ಸೆರಗು ಬಾಯಿಗಿಟ್ಟು ನಕ್ಕು ಕೆಳಗಿಳಿದುಬಿಡುತ್ತಿದ್ದೆ.

ಮೂರನೆಯ ವರ್ಷ ನಿಮ್ಮ ಅಜ್ಜನ ಧ್ವನಿ ಒಡೆಯಿತು. ಪಾಠ ಹೇಳಿ ಹೇಳಿ ಹೀಗಾಗಿದೆ ಎಂದುಕೊಂಡೆವು. ದಾವಣಗೆರೆಯ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದು ಗಂಟಲು ಕೊಯ್ದರು. ಆಮೇಲೆ ಮಾತು ಬರಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಆರು ತಿಂಗಳು ಅಂತ ಇಟ್ಕೊಳ್ಳಿ" ಎಂದರು. ನಿಮ್ಮ ಅಜ್ಜನಿಗೆ ಅದನ್ನು ನಾನು ಹೇಳಲಿಲ್ಲ. ಅವರು ನನ್ನನ್ನು ಕೇಳಲೂ ಇಲ್ಲ.

ಮನೆಗೆ ಬಂದ ಮೇಲೆ ಮೆಟ್ಟಿಲು ಹತ್ತಲು ಅವರಿಗೆ ಆಗುತ್ತಿರಲಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬ ಬಂದು ಮೇಲೆ ಕ್ಲಾಸು ನೋಡಿಕೊಳ್ಳತೊಡಗಿದ. ಒಂದು ಪರದೆಯನ್ನು ಕೆಳಗೆ ಇಳಿಸಿ, ಕಿಟಕಿಯಿಂದ ತಂತಿ ಎಳೆದು, ಅವರ ಮಂಚದ ಪಕ್ಕ ಇಟ್ಟೆವು. ಔಷಧಿಯಿಂದ ಬೆರಳು ನಡುಗಿ ಪೆನ್ನು ನಿಲ್ಲುತ್ತಿರಲಿಲ್ಲ. ಸ್ಲೇಟಿನ ಮೇಲೆ ದಪ್ಪ ಅಕ್ಷರದಲ್ಲಿ ಎರಡು ಸಾಲು ಬರೆದರೆ ಸುಸ್ತಾಗುತ್ತಿತ್ತು. ಆದರೆ ಕೀಲಿಯನ್ನು ಒಂದು ಬೆರಳಲ್ಲಿ ಒತ್ತಬಹುದು. ಒಂದು ದಿನ ಸ್ಲೇಟಿನಲ್ಲಿ ಬರೆದು ತೋರಿಸಿದರು: "ಮಗಳಿಗೆ ಹೇಳೋದು ಬಾಳ ಐತಿ. ಮಾತು ಹೋತು. ಎಲ್ಲಾ ಇದರಾಗ ಬರದಿಡ್ತೀನಿ."

ನಿಮ್ಮ ಅವ್ವ ಆಗ ಎಂಟನೆಯ ತರಗತಿ. ಅವಳು ಶಾಲೆಗೆ ಹೋದ ಮೇಲೆ, ಹನ್ನೊಂದರಿಂದ ಒಂದು ಗಂಟೆಯವರೆಗೆ ದಿನವೂ ಬರೆಯುತ್ತಿದ್ದರು. ನಮ್ಮ ಮಾತೇ, ಇಂಗ್ಲಿಷ್ ಅಕ್ಷರದಲ್ಲಿ. ಮುಗಿದ ಮೇಲೆ ಒಟ್ಟಿಗೆ ಅಚ್ಚು ಹಾಕಿ ಕೊಡೋಣ, ಅಲ್ಲಿಯವರೆಗೆ ಯಾರೂ ಓದಬಾರದು ಎಂದು ಸ್ಲೇಟಿನಲ್ಲಿ ತಿಳಿಸಿದ್ದರು. ನಾನು ಹಾಲು ಇಡುವಾಗ ಒಮ್ಮೆ ಕಳ್ಳಗಣ್ಣಿನಲ್ಲಿ ಎರಡು ಸಾಲು ಓದಿದೆ. ನಿಮ್ಮ ಅವ್ವ ಹುಟ್ಟಿದ ದಿನ ಹಡಗಲಿ ಆಸ್ಪತ್ರೆಯ ಹೊರಗೆ ನನಗೆಂದು ತಂದ ಎರಡು ಬಾಳೆಹಣ್ಣನ್ನು ಹೆದರಿಕೆಯಲ್ಲಿ ತಾವೇ ತಿಂದುಬಿಟ್ಟದ್ದನ್ನು ಬರೆದಿದ್ದರು. ಹದಿಮೂರು ವರ್ಷ ಅದನ್ನು ನನಗೆ ಹೇಳಿರಲಿಲ್ಲ. ಅವರು ಬರೆದದ್ದರಲ್ಲಿ ನನಗೆ ಗೊತ್ತಿರುವುದು ಅಷ್ಟೇ.

ಯಂತ್ರದ ಮೇಲೆ ಪೂರ್ತಿ ಅಧಿಕಾರ ಕೊಡುವ ಪಾಸ್‌ವರ್ಡ್ ಒಂದಿರುತ್ತದೆ. ಕಾಯಿಲೆಗೆ ಮುಂಚೆ ಅದು ಅವರ ಬಳಿ ಇತ್ತು. ಮಂಚ ಹಿಡಿದ ಮೇಲೆ ನನ್ನ ಕೈಯಲ್ಲೇ ಹೊಸದು ಹಾಕಿಸಿದರು, ತಮಗೂ ಹೇಳಬೇಡ ಎಂದು ಬರೆದು ತೋರಿಸಿದರು. ಯಂತ್ರ ಹಚ್ಚುವುದು, ನಿಲ್ಲಿಸುವುದು, ಹೊಸಬರ ಹೆಸರು ಸೇರಿಸುವುದು, ಯಾರಿಗಾದರೂ ಜಾಗ ಏರಿಸುವುದು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಮೊದಲೇ ಬರೆದುಕೊಟ್ಟಿದ್ದರು. ಶನಿವಾರಕ್ಕೊಮ್ಮೆ ಎಲ್ಲವನ್ನೂ ಫ್ಲಾಪಿಗೆ ಇಳಿಸಿಡುವ ಕೆಲಸ ಮಾತ್ರ ತಾವೇ ಮಾಡುತ್ತಿದ್ದರು. ಅದನ್ನು ಬರೆದುಕೊಡಲು ಮರೆತಿದ್ದರು, ನನಗೂ ಹೊಳೆಯಲಿಲ್ಲ; ಅವರು ಮಂಚ ಹಿಡಿದ ಮೇಲೆ ಆ ನಕಲು ತೆಗೆಯುವುದೇ ನಿಂತಿತ್ತು.

ಎರಡು ತಿಂಗಳಾಗುತ್ತ ಬಂದಾಗ ಒಂದು ಬೆಳಿಗ್ಗೆ ಸ್ಲೇಟು ತೋರಿಸಿದರು. "ನಂದು ಮೊದಲ್ನೆ ಗೆರಿ ದಾಟೈತಿ. ಏಳು ದಿನ ಗಡುವು. ನನ್ನ ಕೋಟಾ ಏರ್ಸು."

"ಪಾಸ್‌ವರ್ಡ್ ಹೇಳ್ತೀನಿ, ನೀವ ಇಲ್ಲಿಂದ ಏರಿಸ್ಕೋಬಾರ್ದೇನ್ರಿ?"

ಅವರು ಅಳಿಸಿ ಬರೆದರು, ಬಹಳ ಹೊತ್ತು ತೆಗೆದುಕೊಂಡು: "ಎಲ್ರಿಗೂ ಒಂದ ಗೆರಿ ಅಂದಾಂವ ತನ್ನ ಗೆರಿ ತಾನ ಅಳಸಬಾರ್ದು. ನಿನಗ ಸರಿ ಅನಿಸಿದ್ರ ನೀ ಏರ್ಸು."

ನಾನು ಮೇಲೆ ಹೋಗಿ ಒಳಕೋಣೆಯ ಬಾಗಿಲು ಹಾಕಿಕೊಂಡೆ. ನೋಟ್‌ಬುಕ್ ತೆರೆದೆ. ಒಂದು ಪದ ಒತ್ತಬೇಕು, ಒಂದು ಜಾಗ ಬಿಡಬೇಕು, ಆಮೇಲೆ ಯಾರಿಗೆ ಏರಿಸಬೇಕೋ ಅವರ ಹೆಸರು ಒತ್ತಬೇಕು. ಪದ ಒತ್ತಿದೆ. ಜಾಗ ಬಿಟ್ಟೆ. ಅವರ ಹೆಸರಿನ ಮೊದಲ ಅಕ್ಷರ ಒತ್ತಿದೆ. ಹಸಿರಾಗಿ ಮೂಡಿತು. ಕೂಡಲೇ ಅಳಿಸಿಬಿಟ್ಟೆ.

ಓದಿದವನ ಹೆಂಡತಿ ಇಂಥದನ್ನು ನಂಬುವುದೇ ಎಂದು ನೀವು ನಗಬಹುದು. ಅವರು ಗಟ್ಟಿಮುಟ್ಟಾಗಿದ್ದಾಗ ನಾನು ಇದನ್ನು ನಾಚಿಕೆಗೆ ಪಾಲಿಸುತ್ತಿದ್ದೆನೇ ಹೊರತು ಹೆದರಿ ಅಲ್ಲ. ಆದರೆ ಆಗ ಅವರ ಆಯುಷ್ಯವನ್ನು ಡಾಕ್ಟರು ತಿಂಗಳ ಲೆಕ್ಕದಲ್ಲಿ ಹೇಳಿಬಿಟ್ಟಿದ್ದರು. ಉಳಿದದ್ದು ಮೂರೂವರೆ ತಿಂಗಳು. ಅದರಲ್ಲಿ ಒಂದು ದಿನ ನನ್ನ ಬೆರಳಿನಿಂದ ಸವೆದರೂ ನಾನು ಹೇಗೆ ಬದುಕಲಿ? ಹೊರಗೆ ಕೂತ ಯಾರನ್ನಾದರೂ ಕರೆದು ಹೆಸರು ಒತ್ತಿಸಬಹುದಿತ್ತು. ರೇಷನ್ ಕಾರ್ಡಿಗೆ ಹಾಗೆಯೇ ಮಾಡುತ್ತಿದ್ದೆನಲ್ಲ. ಆದರೆ ಆ ಪಾಸ್‌ವರ್ಡ್ ಹಾಕಿದ ಯಂತ್ರದ ಮುಂದೆ ಬೇರೆ ಯಾರನ್ನೂ ಕೂಡಿಸಬೇಡ ಎಂದು ಅವರು ನೋಟ್‌ಬುಕ್ಕಿನಲ್ಲೇ ಬರೆದಿದ್ದರು. ಕೇಳಲು ನಾಚಿಕೆಯೂ ಆಯಿತು.

ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಇನ್ನೊಂದು ಸಾಲಿತ್ತು. ಎಲ್ಲರ ಕೋಟಾವನ್ನೂ ಒಟ್ಟಿಗೆ ತೆಗೆದುಬಿಡುವ ಸಾಲು. ಅದಕ್ಕೆ ಯಾರ ಹೆಸರೂ ಬೇಕಿರಲಿಲ್ಲ. ಅದರ ಕೆಳಗೆ ಅವರು ಬರೆದಿದ್ದರು: "ರಿಪೇರಿ ಇದ್ದಾಗ ಮಾತ್ರ. ಯಂತ್ರ ಮತ್ತೆ ಹಚ್ಚಿದರೆ ಕೋಟಾ ತಾನೇ ಬರುತ್ತದೆ." ಇನ್ನು ಹತ್ತು ಹದಿನೈದು ದಿನದಲ್ಲಿ ಬರೆದು ಮುಗಿಸುತ್ತಾರೆ, ಅಲ್ಲಿಯವರೆಗೆ ಯಂತ್ರ ನಿಲ್ಲಿಸದಿದ್ದರಾಯಿತು ಎಂದುಕೊಂಡು ಆ ಸಾಲು ಒತ್ತಿದೆ.

ಕೆಳಗೆ ಬಂದು, "ಏರಿಸೀನ್ರಿ" ಎಂದೆ. ಅವರು ನನ್ನ ಕೈಯನ್ನು ಒಂದು ಸಲ ತಟ್ಟಿದರು.

ಐದು ದಿನ ಏನೂ ಆಗಲಿಲ್ಲ. ಆರನೆಯ ದಿನ ಮೂರನೆಯ ಪರದೆಯ ಹುಡುಗಿ ಒಂದು ಪ್ರೋಗ್ರಾಮ್ ಬರೆದು ಓಡಲು ಬಿಟ್ಟು, "ಉಂಡು ಬರ್ತೀನ್ರಿ" ಎಂದು ಮನೆಗೆ ಹೋದಳು. ಅಂಕೆಗಳನ್ನು ಎಣಿಸಿ ಒಂದು ಕಡತಕ್ಕೆ ಬರೆಯುವ ಪ್ರೋಗ್ರಾಮದು. ಎಲ್ಲಿ ನಿಲ್ಲಬೇಕೆಂಬುದನ್ನು ತಪ್ಪು ಬರೆದಿದ್ದಳು, ಹಾಗಾಗಿ ಅದು ನಿಲ್ಲಲೇ ಇಲ್ಲ. ಹಿಂದೆ ಇಂಥದು ಎಷ್ಟೋ ಸಲ ಆಗಿತ್ತು. ಆಗೆಲ್ಲ ಅವಳ ಪಾಲಿನ ಜಾಗ ತುಂಬಿದೊಡನೆ ಅದು ತಾನೇ ಸಾಯುತ್ತಿತ್ತು, ಅವಳು ಬಂದು ನಾಲಗೆ ಕಚ್ಚಿಕೊಂಡು ಅಳಿಸುತ್ತಿದ್ದಳು. ಈ ಸಲ ಅದು ಎಲ್ಲರ ಪಾಲನ್ನೂ ತಿಂದಿತು. ಯಂತ್ರದಲ್ಲಿ ಒಂದು ಸಾಸಿವೆಯಷ್ಟು ಜಾಗವೂ ಉಳಿಯಲಿಲ್ಲ.

ಮೇಲಿನಿಂದ ಕೂಗು ಕೇಳಿಸಿತು: "ಅಕ್ಕಾರ, ಮಿಷನ್ ಹಿಡದೈತ್ರಿ! ಏನ್ ಒತ್ತಿದ್ರೂ ಜಾಗಿಲ್ಲ ಅಂತೈತಿ!" ಕ್ಲಾಸು ನೋಡಿಕೊಳ್ಳುವವನೂ ಊಟಕ್ಕೆ ಹೋಗಿದ್ದ. ನಾನು ಮೆಟ್ಟಿಲು ಹತ್ತುವಾಗ ಕೆಳಗೆ ಅವರು ತಟ್ಟೆ ಬಾರಿಸಿದ್ದು ಕೇಳಿಸಿತು. ನನ್ನನ್ನು ಕರೆಯಲು ಮಂಚದ ಬಳಿ ಒಂದು ಹಿತ್ತಾಳೆ ತಟ್ಟೆ, ಚಮಚ ಇಟ್ಟಿದ್ದೆವು. ನೀರು ಬೇಕಾಗಿರಬೇಕು, ಎರಡು ನಿಮಿಷದಲ್ಲಿ ಬಂದೆ ಎಂದುಕೊಂಡೆ.

ಒಳಕೋಣೆಯಲ್ಲಿ ಯಂತ್ರದ ಮುಂದೆ ನಿಂತಾಗ ನನಗೆ ಏನಾಗಿದೆಯೆಂದು ತಿಳಿದುಹೋಯಿತು. ಇದು ನನ್ನಿಂದಲೇ ಆದದ್ದು. ನಿಮ್ಮ ಅಜ್ಜನಿಗೆ ತಿಳಿಯುವ ಮೊದಲು ಕೋಟಾ ತಿರುಗಿ ಬರಬೇಕು. ಯಂತ್ರ ನಿಲ್ಲಿಸಿ ಮತ್ತೆ ಹಚ್ಚಿದರೆ ಅದು ತಾನೇ ಬರುತ್ತದೆ. ತಟ್ಟೆ ಇನ್ನೂ ಬಾರಿಸುತ್ತಿತ್ತು. ನಾನು ನಿಲ್ಲಿಸಿದೆ. ಮತ್ತೆ ಹಚ್ಚಿದೆ.

ಕೆಳಗೆ ಆದದ್ದು ಹೀಗೆ. ಅವರು ಎಲ್ಲವನ್ನೂ ಬರೆಯುತ್ತಿದ್ದ ಒಂದೇ ಕಡತಕ್ಕೆ ಅವತ್ತಿನದನ್ನು ಸೇರಿಸಿ ಉಳಿಸುವ ಕೀಲಿ ಒತ್ತಿದ್ದರು. ಆ ಕಾಲದಲ್ಲಿ ಯಂತ್ರ ಮೊದಲು ಹಳೆಯ ಕಡತವನ್ನು ಖಾಲಿ ಮಾಡಿ, ಆಮೇಲೆ ಹೊಸದನ್ನು ಅದರಲ್ಲಿ ತುಂಬುತ್ತಿತ್ತು. ಖಾಲಿ ಮಾಡಿತು, ತುಂಬುವಷ್ಟರಲ್ಲಿ ಆ ಜಾಗವನ್ನೂ ಹುಡುಗಿಯ ಅಂಕೆಗಳು ನುಂಗಿದ್ದವು. ಎರಡು ತಿಂಗಳ ಬರಹ ಆ ಹೊತ್ತಿಗೆ ಪರದೆಯ ಹಿಂದೆ, ಯಂತ್ರದ ನೆನಪಿನಲ್ಲಿ ಮಾತ್ರ ಉಳಿದಿತ್ತು. ಯಂತ್ರ ತಾನಾಗಿ ಎತ್ತಿಡುವ ಒಂದು ನಕಲು ಇರುತ್ತದಂತೆ, ಅದಕ್ಕೂ ಜಾಗ ಸಿಕ್ಕಿರಲಿಲ್ಲ. ಮೇಲೆ ಆ ಪ್ರೋಗ್ರಾಮ್ ನಿಲ್ಲಿಸಿ ಅದರ ಕಡತ ಅಳಿಸಿದ್ದರೆ ಸಾಕಿತ್ತು, ಅವರು ಮತ್ತೆ ಒತ್ತಿ ಎಲ್ಲವನ್ನೂ ಉಳಿಸಿಕೊಳ್ಳುತ್ತಿದ್ದರು. ಅದನ್ನು ಹೇಳಲೆಂದೇ ತಟ್ಟೆ ಬಾರಿಸುತ್ತಿದ್ದರು. ನಿಲ್ಲಿಸಬೇಡ ಎನ್ನಲು ಅವರಿಗೆ ಧ್ವನಿ ಇರಲಿಲ್ಲ.

ನಾನು ಇಳಿದು ಬಂದಾಗ ಅವರ ಕೈಯಲ್ಲಿ ಚಮಚ ಹಾಗೇ ಇತ್ತು. ಪರದೆಯ ಮೇಲೆ ಹೆಸರು ಕೇಳುವ ಸಾಲು ಮಾತ್ರ ಮಿನುಗುತ್ತಿತ್ತು.

ಸಂಜೆ ಮೇಲಿನ ಕ್ಲಾಸಿನವರು ಹುಡುಕಿ, ಇಂಥವಳ ಕಡತ ಇಡೀ ಯಂತ್ರ ತುಂಬಿತ್ತು ಎಂದು ಅವರಿಗೆ ತಿಳಿಸಿದರು. ಅವರು ಸ್ಲೇಟು ತೆಗೆದುಕೊಂಡು ನನಗೆ ಬರೆದರು: "ಕೋಟಾ ಐತಿಲ್ಲ?"

"ಐತ್ರಿ" ಎಂದೆ. ಆ ಹೊತ್ತಿಗೆ ಅದು ನಿಜವೂ ಆಗಿತ್ತು.

ಅವರು ಗೋಡೆ ನೋಡುತ್ತ ಯೋಚಿಸಿದರು. ಕೋಟಾ ಇರುವಾಗ ಒಬ್ಬಳು ಅಷ್ಟು ಜಾಗ ತಿನ್ನುವುದು ಸಾಧ್ಯವಿಲ್ಲ. ತಿಂದಿದ್ದಾಳೆಂದರೆ ಪಾಸ್‌ವರ್ಡ್ ಅವಳಿಗೆ ಸಿಕ್ಕಿರಬೇಕು. ನಾನು ಒತ್ತುವಾಗ ಬೆನ್ನ ಹಿಂದೆ ನಿಂತು ನೋಡಿಕೊಂಡಿರಬೇಕು. ಒಂದೊಂದೇ ಪದವಾಗಿ ಅದನ್ನು ಸ್ಲೇಟಿನಲ್ಲಿ ಬರೆದು, ಹೌದೇ ಎಂಬಂತೆ ನನ್ನ ಮುಖ ನೋಡಿದರು. ನಾನು ಇಲ್ಲ ಎನ್ನಲಿಲ್ಲ.

ಮರುದಿನ ಹುಡುಗಿ ಮಂಚದ ಮುಂದೆ ನಿಂತಿದ್ದಳು. "ಸರ್, ಲೂಪ್ ತಪ್ಪು ಬರದೀನ್ರಿ. ಅದು ಖರೇ. ಆದ್ರ ಪಾಸ್‌ವರ್ಡ್ ನಾ ನೋಡಿಲ್ರಿ. ನಮ್ಮಪ್ಪನ ಆಣಿ. ಅಕ್ಕಾರ, ನೀವರ ಹೇಳ್ರಿ, ನಾ ಎಂದರ ಒಳಗ ಬಂದೀನೇನ್ರಿ?"

ನನ್ನ ಗಂಟಲು ಕಟ್ಟಿತು. ಇಷ್ಟು ವರ್ಷ ಅದನ್ನು ನಾಚಿಕೆ ಎಂದುಕೊಂಡಿದ್ದೆ. ಅವತ್ತು ಅದು ನಾಚಿಕೆಯಾಗಿರಲಿಲ್ಲ.

ಅವಳ ಹೆಸರು ತೆಗೆದುಹಾಕು ಎಂದು ಅವರು ಸನ್ನೆ ಮಾಡಿದರು. ನಾನು ಮೇಲೆ ಹೋಗಿ, ತೆಗೆಯುವ ಪದ ಒತ್ತಿ, ಜಾಗ ಬಿಟ್ಟು, ಅವಳ ಹೆಸರು ಒತ್ತಿದೆ. ಬೆರಳು ಎಲ್ಲೂ ನಿಲ್ಲಲಿಲ್ಲ.

ಸಂಜೆ ಹುಡುಗಿಯ ಅಪ್ಪ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆ ಚಪ್ಪಲಿ ಬಿಟ್ಟು ನಿಂತರು. "ಮಾಸ್ತರ್ರಿಗೆ ಹೇಳ್ರಮ್ಮ. ಮಿಷನ್ ನಮಗೂ ಗೊತ್ತೈತಿ, ಯಾರ ತಪ್ಪಿಗೆ ಸುಡ್ತೈತಿ ಅಂತ ಅದಕ್ಕ ಗೊತ್ತಿರಂಗಿಲ್ಲ. ನಮ್ಮ ಹುಡುಗಿ ಕಳ್ಳಿ ಅಲ್ಲ." ಅಷ್ಟು ಹೇಳಿ ಹೋದರು. ನಾನು ಅದನ್ನು ಒಳಗೆ ಹೋಗಿ ಹೇಳಲಿಲ್ಲ.

ನಿಮ್ಮ ಅಜ್ಜ ಮತ್ತೆ ಬರೆಯಲಿಲ್ಲ. ಎರಡು ದಿನ ಪರದೆಯ ಮುಂದೆ ಕೂತರು. ಮೂರನೆಯ ದಿನ ಸ್ಲೇಟಿನಲ್ಲಿ, "ಒಮ್ಮಿ ಹೇಳಿದ್ದು ಮತ್ತ ಹೇಳಾಕ ಬರವಲ್ದು" ಎಂದು ಬರೆದು, ತಂತಿ ಕಿತ್ತು ಪರದೆಯನ್ನು ಮೇಲೆ ಒಯ್ಯಲು ಸನ್ನೆ ಮಾಡಿದರು. ಡಾಕ್ಟರು ಹೇಳಿದ್ದಕ್ಕಿಂತ ಒಂದು ತಿಂಗಳು ಮೊದಲೇ ಹೋದರು. ಹೆಸರು ನಾನು ಒತ್ತಿರಲಿಲ್ಲ. ಆದರೂ ಹೋದರು.

ಆಮೇಲೆ ಐದಾರು ವರ್ಷ ಕಳೆದಿರಬೇಕು. ನಿಮ್ಮ ಅವ್ವನಿಗೆ ಗಂಡು ನೋಡುತ್ತಿದ್ದ ಸಮಯ. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟೂರಿನ ಬಸ್ಸಿಗೆ ಕಾಯುತ್ತಿದ್ದೆ. "ಅಕ್ಕಾರ!" ಎಂದು ಯಾರೋ ಕರೆದರು. ಅವಳೇ. ಸೊಂಟದಲ್ಲಿ ಒಂದು ಮಗು. ಕೂಡ್ಲಿಗಿಗೆ ಕೊಟ್ಟಿದ್ದಾರೆ, ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನನ್ನ ಬರಿಯ ಹಣೆ ನೋಡಿ ಕಣ್ಣು ತುಂಬಿಕೊಂಡಳು.

"ಕಂಪ್ಯೂಟರ್ ಬಿಟ್ಟೇನವ್ವ?" ಎಂದೆ.

"ಬಿಡ್ಲಾರದ ಏನ್ ಮಾಡ್ಲಿ ಅಕ್ಕಾರ. ಅವತ್ತಿನಿಂದ ನಮ್ಮಪ್ಪ ಎಲ್ಲೀಗೂ ಕಳಸ್ಲಿಲ್ಲ." ಮತ್ತೆ ಅಂದಳು, "ಆ ಪ್ರೋಗ್ರಾಮ್ ಹಾಳಿ ಮ್ಯಾಲ ಎಷ್ಟ್ ಸಲ ಬರದು ನೋಡೀನಿ ಗೊತ್ತೇನ್ರಿ? ತಪ್ಪು ಐತಿ, ಒಪ್ಪತೀನಿ. ಆದ್ರ ನನ್ನ ಗೆರಿ ಮುಟ್ಟಿದಾಗ ಅದು ಸಾಯಬೇಕಿತ್ತು. ಯಾಕ ಸಾಯ್ಲಿಲ್ಲ ಅಂತ ಇವತ್ತಿಗೂ ತಿಳಿವಲ್ದು."

"ಗೆರಿ ಇದ್ದಿಲ್ಲವ್ವ," ಎಂದೆ. "ಎಲ್ರುದೂ ನಾನ ತಗದಿದ್ದೆ."

ಯಾಕೆ ಎಂದು ಕೇಳಿದಳು. ಹೇಳಿದೆ. ಹೆಸರು, ಆಯುಷ್ಯ, ಅತ್ತೆಯ ಮಾತು, ಎಲ್ಲ. ಅವಳು ನಗಲಿಲ್ಲ. ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು.

"ನನ್ನ ಕರದಿದ್ರ ನಾ ಒತ್ತತಿದ್ನಲ್ಲ ಅಕ್ಕಾರ. ಸರ್ ಹೆಸರು ನನಗ ಬರ್ತಿತ್ತು."

ಆಮೇಲೆ ಅವಳೇ ಕೇಳಿದಳು.

"ಸರ್‌ಗೆ ಹೇಳಿದ್ರೇನು, ಕಡೀಕಾದ್ರೂ?"

"ಇಲ್ಲವ್ವ."

"ಹಂಗಾರ ಸರ್ ನನ್ನ ಕಳ್ಳಿ ಅಂತ ತಿಳಕೊಂಡ ಹೋದ್ರು."

ಕಂಡಕ್ಟರು "ಕೂಡ್ಲಿಗಿ, ಕೂಡ್ಲಿಗಿ" ಎಂದು ಕೂಗಿದ. ಅವಳು ಹತ್ತಿ ಆಚೆ ಬದಿಯ ಕಿಟಕಿಯಲ್ಲಿ ಕೂತಳು. ಬಸ್ಸು ತಿರುಗಿ ಹೊರಡುವಾಗ ಈ ಕಡೆ ನೋಡಿಯಾಳು ಎಂದು ನಿಂತೇ ಇದ್ದೆ. ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಅವತ್ತು ಮನೆಗೆ ಬಂದು ನಿಮ್ಮ ಅವ್ವನಿಗೆ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವಳು ಬಾಗಿಲಲ್ಲೇ ನಿಂತು, ಹೋದ ಕೆಲಸ ಏನಾಯಿತು ಎಂದು ಕೇಳಿದಳು. ಅದಕ್ಕಷ್ಟೇ ಉತ್ತರ ಕೊಟ್ಟೆ. ಅಪ್ಪ ತನಗಾಗಿ ಬರೆದದ್ದನ್ನು ಅವ್ವನೇ ಕಳೆದಳು ಎಂದು ತಿಳಿದರೆ ಅವಳು ನನ್ನನ್ನು ಹೇಗೆ ನೋಡುತ್ತಾಳೋ ಎಂಬ ಹೆದರಿಕೆ. ಆ ಹೆದರಿಕೆಯಲ್ಲೇ ಇಷ್ಟು ವರ್ಷ ಒಬ್ಬಳನ್ನು ಕಳ್ಳಿಯಾಗಿ ಇಟ್ಟೆ.

ಈಗ ನೀವು ಇದನ್ನು ನಿಮ್ಮ ಅವ್ವನಿಗೆ ಓದಿ ಹೇಳಿರಿ. ಪೂರ್ತಿ ಓದಿರಿ, ನನ್ನ ಮೇಲಿನ ಕರುಣೆಗೆ ನಡುವೆ ಏನನ್ನೂ ಬಿಡಬೇಡಿರಿ. ನೀವು ಓದುವಾಗ ನಾನು ಅಡಿಗೆಮನೆಯಲ್ಲಿರುತ್ತೇನೆ. ಓದಿ ಮುಗಿದ ಮೇಲೆ ಅವಳು ಒಳಗೆ ಬಂದರೆ ಬರಲಿ, ಬಾರದಿದ್ದರೆ ನೀವು ಅವಳನ್ನು ಕರೆಯಬೇಡಿರಿ.